ಮೈದುನನ ಕುರ್ಚಿಗಳೂ ನಾನು ಬರೆದ ಪಟ್ಟಿಯೂ

ನನ್ನ ಮೈದುನನಿಗೆ ಈಗ ಅರವತ್ತಮೂರು ವರ್ಷ. ಕೆಲಸ ವೆಲ್ಡಿಂಗ್. ನಮ್ಮ ಬೀದಿಯ ಈ ತುದಿಗೆ ನನ್ನ ಮನೆ, ಆ ತುದಿಗೆ ಅವನ ಅಂಗಡಿ. ಅಂಗಡಿ ಎಂದರೆ ತಗಡಿನ ಶೆಡ್ಡು, ಹಿಂದೆ ಅವನು ಮಲಗುವ ಒಂದು ಕೋಣೆ, ನಡುವೆ ಒಂದು ಬಾಗಿಲು. ಈ ಬೀದಿಯ ಅರ್ಧಕ್ಕಿಂತ ಹೆಚ್ಚು ಗೇಟುಗಳು ಅವನ ಕೈಯಲ್ಲೇ ಆದವು. ಅವನ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಕುಳಿತಾಗಲೆಲ್ಲ ಒಂದೇ ತೊಡಕು. ಅವನು ಮಾಡಿದ ಕೆಲಸವನ್ನು ಬರೆದರೆ ಆ ಕೆಲಸಕ್ಕೆ ನಾನು ಮಾಡಿದ್ದನ್ನೂ ಬರೆಯಬೇಕಾಗುತ್ತದೆ. ಈಗ ಎರಡನ್ನೂ ಬರೆಯುತ್ತೇನೆ.

ಅವನು ಮದುವೆಯಾಗಲಿಲ್ಲ. ಒಮ್ಮೆ ಮದುವೆಯ ಮಾತುಕತೆಗೆಂದು ಒಂದು ಮನೆಗೆ ಕರೆದುಕೊಂಡು ಹೋಗಿದ್ದೆವು. ಹಿಂತಿರುಗುವಾಗ ಹುಡುಗಿ ಹೇಗಿದ್ದಳೆಂದು ಕೇಳಿದರೆ, "ಅವರ ಮನೆ ಕಿಟಕಿ ಸರಳಿಗೆ ಬೆಸುಗೆಯ ಟಾಕಾ ಸರಿಯಾಗಿ ಹಾಕಿಲ್ಲ ಅತ್ತಿಗೆ, ಒಮ್ಮೆ ಒದ್ದರೆ ಬಿಟ್ಟುಹೋಗುತ್ತೆ" ಎಂದ. ಅಲ್ಲಿಗೆ ಆ ಮಾತು ಮುಗಿಯಿತು. ಮಾತು ಕಡಿಮೆ, ಕೈ ಜಾಸ್ತಿ. ಅವನ ಎರಡೂ ಮುಂಗೈ ಮೇಲೆ ಕಿಡಿ ಹಾರಿ ಸುಟ್ಟ ಕಪ್ಪು ಚುಕ್ಕೆಗಳಿವೆ. ಬಿಳಿ ಅಂಗಿಯನ್ನು ಅವನು ಹಾಕಿದ್ದನ್ನು ನಾನು ನೋಡಿಲ್ಲ.

ಹದಿನಾಲ್ಕು ವರ್ಷದ ಹಿಂದೆ ನಮ್ಮ ಯಜಮಾನರಿಗೆ ಲಕ್ವ ಹೊಡೆಯಿತು. ಗಾರೆ ಕೆಲಸದ ಮೇಸ್ತ್ರಿ ಅವರು. ಹೆಗಲ ಮೇಲೆ ಸಿಮೆಂಟ್ ಮೂಟೆ ಹೊತ್ತು ಮೂರು ಮಹಡಿ ಹತ್ತಿದವರು ಬಚ್ಚಲಿಗೆ ಹೋಗಲು ನನ್ನ ಕತ್ತು ಹಿಡಿಯಬೇಕಾಯಿತು. ಎರಡು ಸಲ ಇಬ್ಬರೂ ಒಟ್ಟಿಗೇ ಬಿದ್ದೆವು. ಆಗ ಮೈದುನ ಯಾವುದೋ ಕಚೇರಿ ಎಸೆದ ಕಬ್ಬಿಣದ ಕುರ್ಚಿಯೊಂದನ್ನು ತಂದು, ಕೂರುವ ಜಾಗದಲ್ಲಿ ದುಂಡಗೆ ಕತ್ತರಿಸಿ, ಅಂಚಿಗೆ ರಬ್ಬರ್ ಸುತ್ತಿ, ಕೆಳಗೆ ಮುಚ್ಚಳದ ಬಕೆಟ್ ಕೂರುವಂತೆ ಬಳೆ ಬೆಸೆದ. ಅದನ್ನು ಮನೆಯೊಳಗೆ ತಂದಾಗ ಇವರು ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟರು.

"ಇದನ್ನ ಬೀದೀಲಿ ಹೊತ್ಕೊಂಡು ಬಂದ್ಯಾ? ಎಲ್ಲರೂ ನೋಡಿದ್ರಾ?"

"ಇಲ್ಲ ಅಣ್ಣ. ದುಪ್ಪಟಿ ಹೊದಿಸ್ಕೊಂಡು ತಂದೆ."

"ಯಾರೂ ಕೇಳಲಿಲ್ವಾ?"

"ಕೇಳಿದ್ರು. ನನ್ನ ಹೆಂಡ್ತಿ, ನಾಚಿಕೆ ಜಾಸ್ತಿ ಅಂದೆ."

ಲಕ್ವ ಹೊಡೆದ ಮೇಲೆ ಇವರು ನಕ್ಕದ್ದು ಅದೇ ಮೊದಲು. ಬಾಯಿ ಒಂದೇ ಕಡೆ ನಕ್ಕಿತು. ಮೂರು ವರ್ಷ ಆ ಕುರ್ಚಿಯ ಮೇಲೆ ಅವರ ಮರ್ಯಾದೆ ಉಳಿಯಿತು.

ಅವರು ಹೋದ ಮೇಲೆ ಎದುರು ಮನೆಯವಳು ಒಂದು ಮಧ್ಯಾಹ್ನ ಬಂದು ಹೊಸಿಲ ಮೇಲೆ ನಿಂತಳು. ಅವಳ ಅತ್ತೆಗೆ ಸೊಂಟ ಮುರಿದಿತ್ತು. "ನಿಮ್ಮನೇಲಿ ಅದು ಇತ್ತಲ್ಲ" ಎಂದಳು. ಮೈದುನ ಅದನ್ನು ತೊಳೆದು, ಬಣ್ಣ ಬಳಿದು, ಮತ್ತೆ ದುಪ್ಪಟಿ ಹೊದಿಸಿ ಅವರ ಮನೆಗೆ ಮುಟ್ಟಿಸಿದ. ಹೀಗೆ ಶುರುವಾಯಿತು. ಆಸ್ಪತ್ರೆಯ ಗುಜರಿಯಿಂದ ಕಾಲು ಮುರಿದ ವಾಕರ್ ತರುತ್ತಿದ್ದ, ಚಕ್ರವಿಲ್ಲದ ಗಾಲಿಕುರ್ಚಿ ತರುತ್ತಿದ್ದ. ಗೇಟಿನ ಕೆಲಸ ಮುಗಿದ ಮೇಲೆ ಇವುಗಳ ಕೆಲಸ. ಒಂದಕ್ಕೂ ಬಾಡಿಗೆ ಇಲ್ಲ. ಹತ್ತು ವರ್ಷದಲ್ಲಿ ನಲವತ್ತಮೂರು ಸಾಮಾನುಗಳಾದವು.

ಅವನದೊಂದು ಕ್ರಮ ಇತ್ತು. ಬಂದವರನ್ನು ಮೂರೇ ಮಾತು ಕೇಳುವುದು. ಕೂರುವುದಕ್ಕೋ ನಡೆಯುವುದಕ್ಕೋ, ನೆಲದಿಂದ ಮೊಣಕಾಲಿಗೆ ಎಷ್ಟು, ಮನೆಯ ಬಾಗಿಲು ಎಷ್ಟು ಅಗಲ. ಯಾರಿಗೆ ಎಂದು ಕೇಳುತ್ತಿರಲಿಲ್ಲ, ಕಾಯಿಲೆ ಏನು ಎಂದು ಕೇಳುತ್ತಿರಲಿಲ್ಲ, ಯಾವಾಗ ವಾಪಸ್ ಎಂದಂತೂ ಕೇಳುತ್ತಲೇ ಇರಲಿಲ್ಲ. ಎಲ್ಲಿಯೂ ಬರೆದಿಡುತ್ತಿರಲಿಲ್ಲ. ಸಾಮಾನು ಹೋಗುವಾಗ ಮುಚ್ಚಿಕೊಂಡು ಹೋಗಬೇಕು, ಬರುವಾಗ ಮುಚ್ಚಿಕೊಂಡು ಬರಬೇಕು. ಆ ಮುಸುಕುಗಳನ್ನು ಹಳೆಯ ಹಾಸಿಗೆ ಬಟ್ಟೆಯಲ್ಲಿ ಹೊಲಿಯುತ್ತಿದ್ದವಳು ನಾನು. ಒಗೆಯುತ್ತಿದ್ದವಳೂ ನಾನೇ. ಹಾಗಾಗಿ ಯಾವ ಮನೆಯಲ್ಲಿ ಯಾವುದು ಇದೆ, ಯಾರಿಗೆ, ಏಕೆ ಎಂಬುದು ಅವನಿಗಿಂತ ಹೆಚ್ಚು ನನಗೆ ಗೊತ್ತಿತ್ತು. ಬಟ್ಟೆ ತರಲು ಹೋದಾಗ ಹೆಂಗಸರು ನನ್ನೊಡನೆ ಎಲ್ಲವನ್ನೂ ಹೇಳುತ್ತಿದ್ದರು. ನಾನು ಯಾರ ಮುಂದೆಯೂ ಬಾಯಿ ಬಿಡುವವಳಲ್ಲ ಎಂದು ಅವರಿಗೆ ನಂಬಿಕೆ.

ಹದಿನಾಲ್ಕನೇ ನಂಬರಿನ ಡ್ರೈವರ್ ಮನೆಯದನ್ನೂ ಹಾಗೇ ತಿಳಿದುಕೊಂಡಿದ್ದೆ. ಅವರು ಬಸ್ಸು ಓಡಿಸಿ ನಿವೃತ್ತಿಯಾದವರು. ದೊಡ್ಡ ದನಿ, ದೊಡ್ಡ ಮೀಸೆ. ಬೆಳಗ್ಗೆ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತರೆ ಹೋಗಿ ಬರುವವರಿಗೆಲ್ಲ ಒಂದೊಂದು ಕೊಂಕು ಮಾತು. ಮೈದುನನನ್ನು ಕಂಡರೆ, "ಏನಪ್ಪಾ ವೆಲ್ಡರು, ಇವತ್ತು ಯಾರ ಮನೆಗೆ ನಿನ್ನ ಹೆಂಡ್ತೀನ ಕಳಿಸ್ತಿದ್ದೀಯ?" ಎನ್ನುತ್ತಿದ್ದರು. ಒಂದು ದಿನ ಅವರ ಹೆಂಡತಿಯೇ ಅಂಗಡಿಗೆ ಬಂದು, ಕೂರುವುದಕ್ಕೆ, ಹದಿನೆಂಟು ಇಂಚು ಎಂದಳು. ಮೈದುನ ಹೂಂ ಎಂದು ಕೊಟ್ಟ. ಮರುದಿನವೂ ಡ್ರೈವರ್ ಅದೇ ಕೊಂಕು ಆಡಿದರು. ಇವನು ತಲೆ ತಗ್ಗಿಸಿ ನಕ್ಕು ಮುಂದೆ ಹೋದ.

ಹೋದ ವರ್ಷ ಜಾಗದ ತಾಪತ್ರಯ ಬಂತು. ವಾಪಸ್ ಬಂದ ಸಾಮಾನುಗಳು ಶೆಡ್ಡು ತುಂಬಿ, ಅವನು ರಸ್ತೆಯ ಮೇಲೆ ಕುಳಿತು ವೆಲ್ಡಿಂಗ್ ಮಾಡುತ್ತಿದ್ದ. ಹಾಗೆ ಮಾಡಕೂಡದೆಂದು ಪುರಸಭೆಯಿಂದ ಎರಡು ಸಲ ಚೀಟಿ ಬಂತು. ಮಳೆಗೆ ತಗಡು ಸೋರಿ ಗಾಲಿಕುರ್ಚಿಗಳ ಬಟ್ಟೆ ಬೂಷ್ಟು ಹಿಡಿಯಿತು.

"ಇನ್ನು ಆಗಲ್ಲ ಅತ್ತಿಗೆ," ಎಂದ. "ಇಲ್ಲಾ ಇವು ಇರಬೇಕು, ಇಲ್ಲಾ ನಾನಿರಬೇಕು. ವರ್ಷದ ಕೊನೆಗೆ ಗುಜರಿಗೆ ಹಾಕಿಬಿಡ್ತೀನಿ."

ಲೈಬ್ರರಿ ನೋಡಿಕೊಳ್ಳುವಾಕೆಯನ್ನು ನಾವೆಲ್ಲ ಲೈಬ್ರರಿಯಮ್ಮ ಎನ್ನುತ್ತೇವೆ. ನನಗೆ ಐವತ್ತೆರಡನೆಯ ವಯಸ್ಸಿನಲ್ಲಿ ಅಕ್ಷರ ಕಲಿಸಿದವರು ಅವರೇ. ಲೈಬ್ರರಿಯ ಹಿಂದೆ ಒಂದು ಹಾಳು ಕೋಣೆ ಇತ್ತು. ಅದಕ್ಕೆ ಸೂರು ಹಾಕಿ, ಮೆಟ್ಟಿಲ ಬದಲು ಇಳಿಜಾರು ಮಾಡಿ, ಕಬ್ಬಿಣದ ಅಟ್ಟಗಳನ್ನು ಕೂರಿಸಿದರೆ ನಲವತ್ತಮೂರೂ ಅಲ್ಲಿ ಹಿಡಿಯುತ್ತವೆ ಎಂದು ಅವರು ಅಳೆದು ಹೇಳಿದರು. ಅದಕ್ಕೆ ಅನುದಾನ ಕೊಡುವವರೂ ಇದ್ದರು. ನೆರೆಹೊರೆ ನಿಧಿ ಎಂದು ಒಂದು ಸಂಸ್ಥೆ, ಊರಿನ ಉಳ್ಳವರು ಕೂಡಿಸಿಟ್ಟದ್ದು. ಬೀದಿಯವರು ಸೇರಿ ಮಾಡುವ ಸಣ್ಣ ಕೆಲಸಗಳಿಗೆ ಕೊಡುತ್ತಾರೆ. ಆಚೆ ಬೀದಿಗೆ ಕೈಪಂಪು ಬಂದದ್ದು ಅದರಿಂದಲೇ. ಲೈಬ್ರರಿಯಮ್ಮ ಅರ್ಜಿ ತಂದರು. ಹನ್ನೆರಡು ಪುಟ.

ಮೂವರೂ ಲೈಬ್ರರಿಯ ಉದ್ದ ಮೇಜಿಗೆ ಕುಳಿತೆವು. ಅವರು ಒಂದೊಂದು ಪ್ರಶ್ನೆ ಓದುವುದು, ಮೈದುನ ಉತ್ತರ ಹೇಳುವುದು, ನಾನು ಬರೆಯುವುದು. ನಾನೇ ಬರೆಯಬೇಕೆಂದು ಅವರು ಹೇಳಿದ್ದರು. ಬೀದಿಯವರ ಅರ್ಜಿ ಬೀದಿಯವರ ಕೈಯಲ್ಲೇ ಇದ್ದರೆ ಚೆನ್ನ ಎಂದು. ನನಗೆ ಬರೆಯಲು ಹೊತ್ತು ಹಿಡಿಯುತ್ತದೆ, ಆದರೆ ಚಿತ್ತು ಮಾಡುವುದಿಲ್ಲ. ಒಂಬತ್ತನೆಯ ಪುಟದಲ್ಲಿ ಖಾನೆಗಳು ಬಂದವು.

"ಉಪಯೋಗ ಪಡೆಯುವವರ ಪಟ್ಟಿ," ಎಂದು ಅವರು ಓದಿದರು. "ಹೆಸರು, ವಯಸ್ಸು, ಮನೆ ನಂಬರು, ತೊಂದರೆ ಏನು, ಕೊಟ್ಟ ಸಾಮಾನು, ಎಂದಿನಿಂದ."

"ಪಟ್ಟಿ ನನ್ನ ಹತ್ರ ಇಲ್ಲ," ಎಂದ ಮೈದುನ. "ಇಡೋದೂ ಇಲ್ಲ."

"ತಡೀರಿ, ಕೆಳಗೆ ಸಣ್ಣಕ್ಷರದಲ್ಲಿ ಇದೆ. ಹೆಸರು ಹೇಳಲು ಮನಸ್ಸಿಲ್ಲದವರಿದ್ದರೆ ಹೆಸರು ಬೇಡ, ಒಂದು ಎರಡು ಅಂತ ಅಂಕಿ ಹಾಕಿ ಸಾಮಾನು ಬರೆದರೆ ಸಾಕಂತೆ."

"ಹಾಗಾದ್ರೆ ಅಂಕೀನೇ ಹಾಕಿ ಅತ್ತಿಗೆ."

ಅಷ್ಟರಲ್ಲಿ ಗೇಟು ಮಾಡಿಸುವವರು ಯಾರೋ ಕರೆದರೆಂದು ಅವನು ಎದ್ದು ಹೋದ. ಉಳಿದ ಪುಟಗಳನ್ನು ಅವರು ನನಗೊಬ್ಬಳಿಗೇ ಓದಿದರು. ಕೊನೆಯ ಪುಟದಲ್ಲಿ ಒಂದು ಷರತ್ತು ಇತ್ತು. ಅನುದಾನ ಕೊಡುವ ಮುಂಚೆ ಪಟ್ಟಿಯನ್ನು ಹದಿನೈದು ದಿನ ಎಲ್ಲರಿಗೂ ಕಾಣುವಂಥ ಜಾಗದಲ್ಲಿ ಅಂಟಿಸುತ್ತಾರೆ, ತಕರಾರು ಇದ್ದವರು ಹೇಳಬಹುದು. ಅವರು ಓದಿದರು. ನಾನು ಕೇಳಿದೆ. ಎಲ್ಲಿ ಅಂಟಿಸುತ್ತಾರೆ ಎಂದೂ ಕೇಳಿದೆ. ನಮ್ಮ ಲೈಬ್ರರಿಯ ಬೋರ್ಡಿನ ಮೇಲೇ ಎಂದರು. ಇದನ್ನು ಇಷ್ಟು ಬಿಡಿಸಿ ಬರೆಯುತ್ತಿರುವುದಕ್ಕೆ ಕಾರಣ ಮುಂದೆ ಇದೆ.

ಮನೆಗೆ ಬಂದು ಒಂಬತ್ತನೆಯ ಪುಟ ತುಂಬಲು ಕುಳಿತೆ. ಅಂಕಿ ಹಾಕಿದರೆ ಅರ್ಧ ಹಾಳೆಯೂ ಆಗುತ್ತಿರಲಿಲ್ಲ. ನಾಲ್ಕು ಖಾನೆ ಖಾಲಿ. ನೋಡಿದವರು ಇದೇನು ಬಾಯಿಗೆ ಬಂದ ಲೆಕ್ಕ ಎಂದುಕೊಂಡಾರು ಅನ್ನಿಸಿತು. ಖಾನೆ ಖಾಲಿ ಬಿಡುವುದು ನನ್ನ ಕೈಯಲ್ಲಿ ಆಗದ ಕೆಲಸ. ಇದು ಒಂದು ಕಾರಣ, ಇದನ್ನು ಎಲ್ಲರಿಗೂ ಹೇಳಬಹುದು. ಇನ್ನೊಂದು ಕಾರಣ ಇದೆ. ಐವತ್ತೆರಡಕ್ಕೆ ಅಕ್ಷರ ಕಲಿತವಳ ಬರವಣಿಗೆ ಹದಿನೈದು ದಿನ ಲೈಬ್ರರಿಯ ಬೋರ್ಡಿನ ಮೇಲೆ ಇರುತ್ತದೆ. ಬೀದಿಯವರೆಲ್ಲ ಓದುತ್ತಾರೆ. ಇದು ಯಾರು ಬರೆದದ್ದು ಎಂದು ಕೇಳುತ್ತಾರೆ. ಹಾಗೆಂದು ಮನಸ್ಸು ಹೇಳಿತು, ನಾನು ಕೇಳಿದೆ.

ಒಂಬತ್ತು ಮಧ್ಯಾಹ್ನ ಹಿಡಿಯಿತು. ಪೆನ್ಸಿಲಿನಲ್ಲಿ ಗೆರೆ ಎಳೆದು, ಮೇಲೆ ನೀಲಿ ಪೆನ್ನಿನಲ್ಲಿ ಬರೆದೆ. ಆಗ ಹೊರಗೆ ಹೋಗಿದ್ದವು ಮೂವತ್ತೊಂದು. ಮೂವತ್ತೊಂದು ಸಾಲು, ಆರು ಹಾಳೆ. ಸೊಂಟ ಮುರಿದದ್ದು, ಸಕ್ಕರೆ ಕಾಯಿಲೆಗೆ ಬೆರಳು ತೆಗೆದದ್ದು, ಹೆರಿಗೆಯಲ್ಲಿ ಕಾಲು ಸೋತದ್ದು, ಮರೆವಿನಿಂದ ಬಟ್ಟೆಯಲ್ಲೇ ಮಾಡಿಕೊಳ್ಳುವುದು. ಯಾರನ್ನೂ ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ, ಎಲ್ಲವೂ ನನಗೆ ಬಾಯಿಪಾಠ. ತಾರೀಖು ಕೂಡ ತಪ್ಪಲಿಲ್ಲ.

ಸಹಿಗೆ ಕೊಟ್ಟಾಗ ಮೈದುನ ಕೈ ಒರೆಸಿಕೊಂಡು ಕೊನೆಯ ಹಾಳೆಯಷ್ಟನ್ನೇ ತಿರುಗಿಸಿದ. "ಒಂದ್ಸಲ ನೋಡಪ್ಪ" ಎಂದೆ. ಹಾಗೆನ್ನುತ್ತಲೇ ಸಹಿಯ ಜಾಗದ ಮೇಲೆ ಬೆರಳಿಟ್ಟೆ. "ನೀವು ಬರೆದಿದ್ದನ್ನ ನಾನೇನು ನೋಡೋದು, ಟೇಪು ಹಿಡಿದ ಹಾಗೆ ಇರುತ್ತೆ" ಎಂದು ಸಹಿ ಹಾಕಿದ. ಲಕೋಟೆಗೆ ಅಂಟು ಹಚ್ಚಿದವಳು ನಾನು. ಲೈಬ್ರರಿಯಮ್ಮ ಮಗಳ ಮನೆಗೆ ಹೋಗಿದ್ದರು, ಇಪ್ಪತ್ತು ದಿನ ಬರುವಂತಿರಲಿಲ್ಲ. ಅವರು ನೋಡಿದ್ದರೆ ತಡೆಯುತ್ತಿದ್ದರು. ಅವರು ಬರುವ ಮೊದಲೇ ನಾನು ಲಕೋಟೆ ಕಳಿಸಿಬಿಟ್ಟೆ.

ನಿಧಿಯವರ ಕಡೆಯವನೊಬ್ಬ ಸೋಮವಾರ ಬಂದು ಜೆರಾಕ್ಸ್ ಮಾಡಿದ ಆರು ಹಾಳೆಗಳನ್ನು ಬೋರ್ಡಿಗೆ ಅಂಟಿಸಿ ಹೋದ. ಮಂಗಳವಾರ ಬೆಳಗ್ಗೆ ನಾನು ಮಡಿಸಿಟ್ಟ ಬಟ್ಟೆ ಉಟ್ಟು ನೋಡಲು ಹೋದೆ. ಬೋರ್ಡಿನ ಮುಂದೆ ಎಂಟು ಹತ್ತು ಜನ. ಓದುತ್ತಿದ್ದಾರೆ ಎಂದು ದೂರದಿಂದ ಕಂಡಾಗ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹತ್ತಿರ ಹೋದರೆ ಚಹಾದಂಗಡಿಯವನು ಬೆರಳಿಟ್ಟುಕೊಂಡು ಗಟ್ಟಿಯಾಗಿ ಓದುತ್ತಿದ್ದ.

"ಮನೆ ನಂಬರು ಹದಿನಾಲ್ಕು. ವಯಸ್ಸು ಅರವತ್ತೆಂಟು. ತೊಂದರೆ, ಉಚ್ಚೆ ತಡೆಯಲು ಆಗುವುದಿಲ್ಲ. ಎರಡು ವರ್ಷ ಮೂರು ತಿಂಗಳಿಂದ."

ಡ್ರೈವರ್ ಅಲ್ಲೇ ನಿಂತಿದ್ದರು. ಅವರು ಬಂದದ್ದು ಬೇರೆಯವರ ಸಾಲನ್ನು ನೋಡಿ ನಗಲು ಇರಬೇಕು.

"ಏನ್ ಡ್ರೈವರ್ರೇ," ಎಂದ ಚಹಾದವನು, "ಮೂವತ್ತೈದು ವರ್ಷ ಬಸ್ಸು ಓಡಿಸಿ ಬ್ರೇಕು ಸವೆದುಹೋಯ್ತಾ?"

"ಸುಮ್ನಿರೋ, ಸ್ಟಾಪ್ ಬರೋ ಮುಂಚೇನೇ ಇಳಿಸಿಬಿಡ್ತಾರೆ," ಎಂದಿತು ಹಿಂದಿನಿಂದ ಇನ್ನೊಂದು ದನಿ.

ಎಲ್ಲರೂ ನಕ್ಕರು. ಡ್ರೈವರ್ ಏನಾದರೂ ತಿರುಗಿ ಅನ್ನುತ್ತಾರೆಂದು ಕಾದರು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಆಮೇಲೆ ಮನೆಯ ಕಡೆ ನಡೆದರು. ಅವರ ಮನೆಗೆ ಅರವತ್ತು ಹೆಜ್ಜೆ ಆದೀತು. ಅಷ್ಟು ದೂರವೂ ಎಲ್ಲರೂ ನೋಡುತ್ತ ನಿಂತರು. ನಾನೂ ನಿಂತಿದ್ದೆ. ಗುಂಪಿನಲ್ಲಿ ಒಬ್ಬಳು ತಿರುಗಿ ನನ್ನನ್ನು ನೋಡಿದಳು. ಅವಳ ತಾಯಿಯದು ಇಪ್ಪತ್ತೆರಡನೆಯ ಸಾಲು.

ಬುಧವಾರದಿಂದ ಸಾಮಾನುಗಳು ವಾಪಸ್ ಬರತೊಡಗಿದವು. ಮೊದಲ ದಿನ ಏಳು. ಶುಕ್ರವಾರಕ್ಕೆ ಹತ್ತೊಂಬತ್ತು. ಅಂಗಡಿಯ ಮುಂದೆ ಇಟ್ಟು, ಮಾತಾಡದೆ ಹೋಗುತ್ತಿದ್ದರು. ಮುಚ್ಚಿಕೊಂಡು ತರಲಿಲ್ಲ. ಇನ್ನು ಮುಚ್ಚಿ ಏನಾಗಬೇಕು. ಡ್ರೈವರ್ ಹೆಂಡತಿ ಕುರ್ಚಿಯನ್ನು ಅಂಗಡಿಗೆ ಮುಟ್ಟಿಸಿ, ಮುಸುಕನ್ನು ಒಗೆದು ಮಡಿಸಿ ನನ್ನ ಮನೆಗೇ ತಂದಳು. "ಇದು ನಿಮ್ಮದು" ಎಂದು ಕೈಗಿಟ್ಟಳು.

ಮೈದುನ ಲೈಬ್ರರಿಗೆ ಹೋಗಿ ಆರೂ ಹಾಳೆ ಓದಿ, ನೇರ ನನ್ನ ಮನೆಗೆ ಬಂದ. ಕುಳಿತುಕೊಳ್ಳಲಿಲ್ಲ.

"ಅಂಕಿ ಹಾಕಿ ಅಂದಿದ್ದೆ ಅತ್ತಿಗೆ."

ನಾನು ಏನು ಹೇಳಿದೆನೆಂದು ಇಲ್ಲಿ ಬರೆಯಲೇಬೇಕು. "ಹೆಸರು ಅಂತ ಖಾನೆ ಇತ್ತಪ್ಪ, ಬರೆದೆ. ಅಂಕಿ ಸಾಕು ಅಂದಿದ್ದು ನನಗೆ ಸರಿಯಾಗಿ ತಲೆಗೆ ಹೋಗಲಿಲ್ಲ. ನನ್ನ ಓದು ನಿನಗೆ ಗೊತ್ತಲ್ಲ" ಎಂದೆ.

"ಗೋಡೆಗೆ ಅಂಟಿಸ್ತಾರೆ ಅಂತ ಗೊತ್ತಿತ್ತಾ?"

"ನನಗೆಲ್ಲಿ ಗೊತ್ತಾಗಬೇಕು ಅವೆಲ್ಲ."

ಅವನು ನನಗೇ ಸಮಾಧಾನ ಹೇಳಿದ. "ಹೋಗ್ಲಿ ಬಿಡಿ. ನಿಮ್ಮದೇನು ತಪ್ಪು. ನಾನು ಓದಿ ಸಹಿ ಹಾಕ್ಬೇಕಿತ್ತು." ಐವತ್ತೆರಡರಲ್ಲಿ ಕಷ್ಟಪಟ್ಟು ಕಲಿತ ಅಕ್ಷರವನ್ನು ನಾನು ಒಂದೇ ಮಾತಿನಲ್ಲಿ ಒರೆಸಿ, ಅದರ ಹಿಂದೆ ಬಚ್ಚಿಟ್ಟುಕೊಂಡೆ.

ಪಟ್ಟಿಯನ್ನು ತೆಗೆಸಲು ಅವನು ನಿಧಿಯವರ ಕಚೇರಿಗೆ ಹೋದ. ಹದಿನೈದು ದಿನ ಮುಗಿದು, ಪರಿಶೀಲನೆಗೆ ಬರುವವರೇ ತೆಗೆಯಬೇಕು ಎಂದರಂತೆ. ಅಲ್ಲಿಂದ ಬಂದ ಮೈದುನ ಒಂದೊಂದೇ ಮನೆಯ ಬಾಗಿಲು ತಟ್ಟಿದ. ಪ್ರತಿ ಮನೆಯಲ್ಲಿ ಒಂದೇ ಮಾತು. ನಮ್ಮ ಅತ್ತಿಗೆಗೆ ಅಷ್ಟು ಓದಲು ಬರುವುದಿಲ್ಲ, ಸಹಿ ನನ್ನದು, ತಪ್ಪು ನನ್ನದು, ಕುರ್ಚಿ ಇಟ್ಟುಕೊಳ್ಳಿ. ಕೆಲವರು ಕೇಳಿಸಿಕೊಂಡರು. ಹಲವರು ಬಾಗಿಲ ಸಂದಿಯಿಂದಲೇ ಆಯಿತು ಹೋಗಿ ಎಂದರು. ಡ್ರೈವರ್ ಮಾತ್ರ ಹೊರಗೆ ಬಂದು, ಬೀದಿಗೆಲ್ಲ ಕೇಳುವಂತೆ, "ನನ್ನ ಮರ್ಯಾದೆ ಮಾರಿ ನಿನ್ನ ಶೆಡ್ಡಿಗೆ ಸೂರು ಹಾಕಿಸ್ಕೋತೀಯೇನೋ" ಎಂದರು. ಇವನು ಹೂಂ ಎಂದು ಕೇಳಿಸಿಕೊಂಡು ನಿಂತ. ನನ್ನ ಕಿಟಕಿಯಿಂದ ಎಲ್ಲ ಕಾಣಿಸುತ್ತಿತ್ತು. ನಾನು ಕಿಟಕಿಯಿಂದ ಹಿಂದೆ ಸರಿದೆ.

ಅದಾದ ನಾಲ್ಕನೆಯ ದಿನ ಡ್ರೈವರ್ ಬಿದ್ದರು. ಕುರ್ಚಿ ಇಲ್ಲದೆ ಹಿತ್ತಲ ಬಚ್ಚಲಿಗೆ ಅವಸರದಲ್ಲಿ ಹೋಗಬೇಕಾಗಿತ್ತು. ಮಧ್ಯದಲ್ಲಿ ಎರಡು ಮೆಟ್ಟಿಲು. ಸೊಂಟದ ಮೂಳೆ ಸೀಳು ಬಿಟ್ಟಿತು. ಗಾಡಿಯಲ್ಲಿ ಮಲಗಿಸಿ ಕರೆದೊಯ್ಯುವಾಗ ಅವರು ಮುಖದ ಮೇಲೆ ಟವಲು ಹಾಕಿಕೊಂಡಿದ್ದರು.

ಅಷ್ಟರಲ್ಲಿ ಲೈಬ್ರರಿಯಮ್ಮ ಊರಿಂದ ಬಂದರು. ಬೋರ್ಡು ನೋಡಿ, ನನ್ನನ್ನು ಕರೆಸಿ, ಮೆಲ್ಲಗೆ ಕೇಳಿದರು. "ನಾನು ಓದಿದ್ದೆನಲ್ಲ ಅಮ್ಮ. ಎಲ್ಲಿ ಅಂಟಿಸ್ತಾರೆ ಅಂತ ನೀವೇ ಕೇಳಿದ್ರಿ." ಅವರು ಮತ್ತೆ ಕೇಳಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಹೇಳಿಬಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ಹದಿನೈದು ದಿನ ಮುಗಿದ ಮೇಲೆ ನಿಧಿಯಿಂದ ಪರಿಶೀಲನೆಗೆ ಒಬ್ಬ ಹೆಂಗಸು ಬಂದಳು. ಚಿಕ್ಕ ವಯಸ್ಸು, ಕೈಯಲ್ಲಿ ಕಡತ, ಮಾತು ಮೆದು. ಮೊದಲು ಅಂಗಡಿಗೆ ಹೋಗಿ ನೋಡಿ, ಆಮೇಲೆ ಲೈಬ್ರರಿಯಲ್ಲಿ ಎಲ್ಲರನ್ನೂ ಕೂರಿಸಿದಳು. ಬಂದದ್ದು ಹನ್ನೊಂದು ಜನ. ಡ್ರೈವರ್ ಹೆಂಡತಿಯೂ ಬಂದು ಬಾಗಿಲ ಹತ್ತಿರ ನಿಂತಳು, ಕೂರಲಿಲ್ಲ.

"ಪಟ್ಟಿಯಲ್ಲಿ ಮೂವತ್ತೊಂದು ಜನ ಇದ್ದಾರೆ," ಎಂದಳು ನಿಧಿಯಾಕೆ. "ಅಂಗಡಿಯಲ್ಲಿ ಇಪ್ಪತ್ತಾರು ವಾಪಸ್ ಬಂದು ಬಿದ್ದಿವೆ. ಯಾರೂ ಉಪಯೋಗಿಸ್ತಾ ಇಲ್ಲ ಅಂದ್ರೆ ನಾನು ಏನಂತ ಬರೀಲಿ?"

ಮೈದುನ ಎದ್ದು ನಿಂತ. "ಉಪಯೋಗ ಆಗ್ತಿತ್ತು ಮೇಡಂ. ಹೆಸರು ಹಾಕಿದ್ದಕ್ಕೆ ವಾಪಸ್ ಬಂದಿವೆ. ಬರೆದವರಿಗೆ ಓದು ಅಷ್ಟಾಗಿ ಬರಲ್ಲ. ನಾನು ನೋಡದೆ ಸಹಿ ಹಾಕಿದೆ. ತಪ್ಪು ನಂದೇ."

"ನೋಡದೆ ಸಹಿ ಹಾಕ್ತೀಯಾ?" ಎಂದಳು ಡ್ರೈವರ್ ಹೆಂಡತಿ ಬಾಗಿಲಿಂದ. "ಗೇಟನ್ನೂ ಹಾಗೇ ಮಾಡ್ತೀಯಾ, ಅಳತೆ ನೋಡದೆ? ನಿನ್ನನ್ನ ನಂಬಿ ಮನೆಯ ಗುಟ್ಟು ಕೊಟ್ವಲ್ಲಪ್ಪ. ಅವರು ಹಾಸಿಗೆ ಹಿಡಿದು ವಾರ ಆಯ್ತು. ನಾನೊಬ್ಬಳೇ ಹೊರಳಿಸಬೇಕು."

ಮೈದುನ ಕುಳಿತುಬಿಟ್ಟ. ಗೇಟಿನ ಮಾತು ಅವನಿಗೆ ನಾಟಿತ್ತು. ನಲವತ್ತು ವರ್ಷದಲ್ಲಿ ಅವನ ಕೆಲಸದ ಬಗ್ಗೆ ಯಾರೂ ಹಾಗೆ ಅಂದಿರಲಿಲ್ಲ. ಲೈಬ್ರರಿಯಮ್ಮ ನನ್ನ ಕಡೆ ನೋಡದೆ ಮೇಜಿನ ಮೇಲಿನ ಪುಸ್ತಕವನ್ನು ಸರಿಪಡಿಸುತ್ತಿದ್ದರು.

ನಾನು ಎದ್ದೆ.

"ನನಗೆ ಓದು ಬರುತ್ತೆ," ಎಂದೆ. "ಅಂಕಿ ಸಾಕು ಅಂತ ಲೈಬ್ರರಿಯಮ್ಮ ಓದಿ ಹೇಳಿದ್ರು. ಅಂಕೀನೇ ಹಾಕಿ ಅಂತ ಇವನೂ ಹೇಳಿದ್ದ. ಗೋಡೆಗೆ ಅಂಟಿಸ್ತಾರೆ ಅನ್ನೋದೂ ಗೊತ್ತಿತ್ತು. ನಾನೇ ಬೇಕಂತ ಹೆಸರು ಬರೆದೆ. ನನ್ನ ಅಕ್ಷರ ಎಲ್ಲರೂ ನೋಡ್ಲಿ ಅಂತ. ಇವನು ಕೇಳಿದಾಗ ಸುಳ್ಳು ಹೇಳಿದೆ."

ಡ್ರೈವರ್ ಹೆಂಡತಿ ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದರೆ ಸಾಕು ಎಂದುಕೊಂಡೆ.

"ಅಕ್ಷರ ಚೆನ್ನಾಗೇ ಇದೆ ಅಮ್ಮ," ಎಂದಳು. "ಬೀದಿಯ ಆ ಕಡೆಯಿಂದಲೂ ಓದೋಕ್ಕಾಗುತ್ತೆ."

ಹಾಗೆಂದು ಹೊರಟುಹೋದಳು.

ನಿಧಿಯಾಕೆ ತಾನೇ ಎದ್ದು ಹೋಗಿ ಬೋರ್ಡಿನಿಂದ ಆರು ಹಾಳೆಗಳನ್ನು ಕಿತ್ತಳು. ಬೇರೆ ಅರ್ಜಿ ಹಾಕಬಹುದು, ಆದರೆ ಈಗ ಉಪಯೋಗಿಸುವವರು ಇದ್ದಾರೆಂದು ತೋರಿಸಬೇಕು, ಕಡೇಪಕ್ಷ ಹತ್ತು ಮನೆಯಾದರೂ, ಹೆಸರಿಲ್ಲದೆಯೇ ಸರಿ ಎಂದಳು. ಯಾರಾದರೂ ಇದ್ದೀರಾ ಎಂದು ಕೇಳಿದಳು. ಐದು ಮನೆಯವರು ಇನ್ನೂ ವಾಪಸ್ ಕೊಟ್ಟಿರಲಿಲ್ಲ. ಆ ಐವರಲ್ಲಿ ಇಬ್ಬರು ಅಲ್ಲೇ ಕುಳಿತಿದ್ದರು. ಅವರೂ ಕೈ ಎತ್ತಲಿಲ್ಲ. ಮೈದುನ ಅವಳ ಕೈಯಿಂದ ಪೆನ್ನು ಇಸಿದುಕೊಂಡು ಅರ್ಜಿಯ ಮೇಲೆ ಹಿಂತೆಗೆದುಕೊಂಡಿದ್ದೇನೆ ಎಂದು ಬರೆದು ಸಹಿ ಹಾಕಿದ. ಈ ಸಲ ಪೂರ್ತಿ ಓದಿಯೇ ಹಾಕಿದ.

ಬೀದಿಯಲ್ಲಿ ಅವನು ಮುಂದೆ, ನಾನು ನಾಲ್ಕು ಮಾರು ಹಿಂದೆ. ನನ್ನ ಮನೆಯ ಮುಂದೆ ಬಂದಾಗ ನಿಂತ. ತಿರುಗಲಿಲ್ಲ.

"ಅಣ್ಣ ಬದುಕಿದ್ದಿದ್ರೆ ಅವನ ಹೆಸರನ್ನೂ ಹೀಗೇ ಬರೀತಿದ್ರಾ ಅತ್ತಿಗೆ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಬರೆಯುತ್ತಿರಲಿಲ್ಲ. ಅವರ ಜಾಗದಲ್ಲಿ ಅಂಕಿ ಹಾಕುತ್ತಿದ್ದೆ, ಇಲ್ಲವೇ ಆ ಸಾಲನ್ನೇ ಬಿಟ್ಟುಬಿಡುತ್ತಿದ್ದೆ.

ಮರುದಿನದಿಂದ ನಾನೂ ಮನೆಮನೆಗೆ ಹೋದೆ. ಮೂವತ್ತೊಂದು ಮನೆಗೂ ಹೋದೆ. ಸಹಿ ಅವನದಾದರೂ ಕೆಲಸ ನನ್ನದು ಎಂದು ಹೇಳಿ ಬಂದೆ. ಹದಿನೆಂಟು ಮನೆಯವರು ಕೇಳಿಸಿಕೊಂಡರು. ಒಂಬತ್ತು ಮನೆಯವರು ಬಾಗಿಲು ತೆಗೆಯಲಿಲ್ಲ. ಮೂರು ಮನೆಯಲ್ಲಿ ಕೂರಿಸಿ ಚಹಾ ಕೊಟ್ಟರು, ಆದರೆ ತಮ್ಮ ವಿಷಯ ಒಂದು ಮಾತೂ ಆಡಲಿಲ್ಲ. ಮಳೆ ಬಿಸಿಲಿನ ಬಗ್ಗೆ ಮಾತಾಡಿದರು. ಹದಿನಾಲ್ಕನೇ ನಂಬರಿನಲ್ಲಿ ಡ್ರೈವರ್ ಒಳಗಿಂದ, "ಯಾರೇ ಅದು?" ಎಂದರು. ಹೆಂಡತಿ, "ಯಾರೂ ಇಲ್ಲ" ಎಂದು ಹೇಳಿ ಬಾಗಿಲು ಮುಚ್ಚಿದಳು. ಅವರು ಈಗ ಎದ್ದು ಓಡಾಡುತ್ತಾರೆ, ಕೋಲು ಹಿಡಿದು. ಚಹಾದಂಗಡಿಯ ಬೆಂಚಿಗೆ ಮಾತ್ರ ಬರುವುದಿಲ್ಲ.

ವರ್ಷದ ಕೊನೆಗೆ ಮೈದುನ ಇಪ್ಪತ್ತು ಸಾಮಾನುಗಳನ್ನು ಗುಜರಿಗೆ ಹಾಕಿದ. ಉಳಿದವನ್ನು ಶೆಡ್ಡಿನ ಗೋಡೆಗೆ ಕೊಕ್ಕೆ ಬೆಸೆದು ತೂಗುಹಾಕಿದ. ಅಣ್ಣನಿಗೆ ಮಾಡಿದ ಮೊದಲ ಕುರ್ಚಿಯನ್ನು ಇಟ್ಟುಕೊಂಡನೋ ಹಾಕಿದನೋ ನಾನು ಕೇಳಲಿಲ್ಲ. ಅವನು ನನ್ನೊಡನೆ ಮಾತು ಬಿಟ್ಟಿಲ್ಲ. ಅತ್ತಿಗೆ ಎಂದೇ ಕರೆಯುತ್ತಾನೆ, ನಾನು ಕಳಿಸಿದ ಊಟವನ್ನು ಉಣ್ಣುತ್ತಾನೆ, ಪಾತ್ರೆ ತೊಳೆದೇ ಕೊಡುತ್ತಾನೆ. ಮುಸುಕು ಹೊಲಿಯಲು ಈಗ ನನಗೆ ಕೊಡುವುದಿಲ್ಲ. ಅಂಗಡಿಯಲ್ಲಿ ಹೊಸ ಮುಸುಕೊಂದನ್ನು ಕಂಡೆ, ಗಂಡಸಿನ ಕೈಯ ಉದ್ದುದ್ದ ಹೊಲಿಗೆ.

ನಮ್ಮ ಬೀದಿಯವರು ಹೆಚ್ಚು ಬರುವುದಿಲ್ಲ. ಆಚೆ ಬೀದಿಯವರು, ಅದರಾಚೆಯವರು ಬರುತ್ತಾರೆ. ಹೋದ ವಾರ ಸಂಜೆ ನಾನು ಅಂಗಡಿಯಲ್ಲಿ ಕುಳಿತಿದ್ದೆ. ನಡುವಯಸ್ಸಿನ ಒಬ್ಬ ಹೆಂಗಸು ಬಂದು ಬಾಗಿಲ ಹತ್ತಿರ ನಿಂತಳು. ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಗೇಟಿನ ಬೆಲೆ ಕೇಳಿದಳು. ಗೇಟಿಗೆ ಬಂದವಳಲ್ಲ ಎಂದು ನನಗೂ ಗೊತ್ತಾಯಿತು. ಮೈದುನ ಗ್ರೈಂಡರ್ ನಿಲ್ಲಿಸಿ ಟೇಪು ಕೈಗೆತ್ತಿಕೊಂಡ.

"ಅತ್ತಿಗೆ," ಎಂದ, ಬೇಸರವಿಲ್ಲದ ದನಿಯಲ್ಲಿ, "ಸ್ವಲ್ಪ ಒಳಗೆ ಹೋಗ್ತೀರಾ?"

ನಾನು ಎದ್ದು ಹಿಂದಿನ ಕೋಣೆಗೆ ಹೋಗಿ, ನಡುವಿನ ಬಾಗಿಲನ್ನು ಒಳಗಿನಿಂದ ಹಾಕಿಕೊಂಡೆ.